ನಾಯಿಮರಿಯ ರಾತ್ರಿಯ ತಪ್ಪು ಯಾರದು?

ತೊರವಿಯ ಒಂದು ಮನೆಯನ್ನು ಕಲ್ಪಿಸಿಕೊಳ್ಳೋಣ. ಎರಡು ತಿಂಗಳ ಮುಧೋಳ ನಾಯಿಮರಿಯೊಂದು ಅಲ್ಲಿಗೆ ಹೊಸತಾಗಿ ಬಂದಿದೆ. ಮುಧೋಳವು ಈ ಊರಿಗೆ ಪರಸ್ಥಳವಲ್ಲ. 1997ರಲ್ಲಿ ಬಾಗಲಕೋಟೆ ಜಿಲ್ಲೆಯು ರೂಪುಗೊಳ್ಳುವವರೆಗೆ ಎರಡೂ ಒಂದೇ ಜಿಲ್ಲೆಯಲ್ಲಿದ್ದವು. 2005ರಲ್ಲಿ ಭಾರತದ ಅಂಚೆಚೀಟಿಯನ್ನೇರಿದ ಈ ತಳಿಯ ಬಗೆಗೆ ಮನೆಯವರಿಗೆ ಅಭಿಮಾನವೂ ಇದೆ. ಆದರೆ ಬೆಳಗಾಗುವಷ್ಟರಲ್ಲಿ ಪಡಸಾಲೆಯ ಫರಸಿಯ ಮೇಲೆ ಮೂತ್ರ ಹರಿದಿದೆ. ಮರಿಯ ಮೂತಿಯನ್ನು ಅದಕ್ಕೆ ಒತ್ತಿ, ಎರಡೇಟು ಹಾಕಿ, ಬುದ್ಧಿ ಕಲಿಸಿದೆವೆಂದು ಎಲ್ಲರೂ ಸಮಾಧಾನಪಡುತ್ತಾರೆ. ಈ ಶಿಕ್ಷೆಯು ಕ್ರೂರ ಮಾತ್ರವಲ್ಲ, ನಿರರ್ಥಕವೂ ಹೌದೆಂಬುದು ನಮ್ಮ ಅಭಿಪ್ರಾಯ.

ಮೊದಲು ಮರಿಯ ಶರೀರಧರ್ಮವನ್ನು ತಿಳಿಯಬೇಕು. ಹುಟ್ಟಿದ ಮೊದಲ ಎರಡು ವಾರಗಳಲ್ಲಿ ಅದು ತಾನಾಗಿ ಮೂತ್ರ ವಿಸರ್ಜಿಸಲಾರದು. ತಾಯಿ ನೆಕ್ಕಿದಾಗ ಉಂಟಾಗುವ ಪ್ರಚೋದನೆಯಿಂದ ಆ ಕ್ರಿಯೆ ನಡೆಯುತ್ತದೆ. ಮೂರನೆಯ ವಾರದ ಬಳಿಕ, ಕಾಲುಗಳಲ್ಲಿ ಬಲ ಬಂದಂತೆ, ಮರಿಯು ಮಲಗುವ ತಾಣವನ್ನು ಬಿಟ್ಟು ದೂರ ಹೋಗತೊಡಗುತ್ತದೆ. ಶುಚಿತ್ವದ ಬೀಜವು ಅದರಲ್ಲಿ ಸಹಜವಾಗಿಯೇ ಇದೆ. ಆದರೆ ಮೂತ್ರಕೋಶ ಚಿಕ್ಕದು; ಅದು ತುಂಬಿದಾಗ ಬರುವ ಒತ್ತಡವನ್ನು ತಡೆದು ನಿಲ್ಲಿಸುವ ಮಿದುಳಿನ ಹತೋಟಿಯು ಇನ್ನೂ ಬಲಿತಿರುವುದಿಲ್ಲ. ವಯಸ್ಸಿನ ತಿಂಗಳುಗಳಿಗೆ ಒಂದನ್ನು ಕೂಡಿಸಿದಷ್ಟು ಗಂಟೆ ಮರಿ ತಡೆಯಬಲ್ಲದೆಂಬುದು ನಾಯಿ ಸಾಕುವವರ ಸ್ಥೂಲವಾದ ಲೆಕ್ಕ. ಎಂದರೆ ಎರಡು ತಿಂಗಳ ಮರಿಗೆ ಮೂರೇ ಗಂಟೆ! ರಾತ್ರಿ ಹತ್ತಕ್ಕೆ ಕದವಿಕ್ಕಿ ಬೆಳಿಗ್ಗೆ ಆರಕ್ಕೆ ತೆರೆಯುವ ನಾವು ಅದರಿಂದ ಎಂಟು ಗಂಟೆಗಳ ಸಂಯಮವನ್ನು ಬೇಡುವುದು ಯಾವ ನ್ಯಾಯ?

ಇನ್ನು ಶಿಕ್ಷೆಯ ಮಾತು. ಒಂದು ಸಂಕೇತವೂ ಆಹಾರವೂ ಮತ್ತೆ ಮತ್ತೆ ಒಂದರ ಬೆನ್ನಿಗೊಂದು ಬಂದಾಗ ನಾಯಿಯ ಮಿದುಳಿನಲ್ಲಿ ಅವೆರಡಕ್ಕೂ ನಂಟು ಬೆಳೆಯುವುದೆಂದು ರಷ್ಯದ ವಿಜ್ಞಾನಿ ಪಾವ್ಲೋವನು ತೋರಿಸಿದನು. ಇಲ್ಲಿ ಕಾಲದ ಸಾಮೀಪ್ಯವೇ ಮುಖ್ಯ. ನಡುರಾತ್ರಿಯ ಮೂತ್ರಕ್ಕೂ ಮುಂಜಾನೆಯ ಏಟಿಗೂ ಮರಿಯು ನಂಟನ್ನು ಕಾಣದು. ಮನುಷ್ಯನ ಕೈಗೆ ಅಂಜಬೇಕೆಂಬುದನ್ನಷ್ಟೇ ಅದು ಕಲಿಯುತ್ತದೆ. ಮುಂದೆ ಮಂಚದಡಿಯಲ್ಲಿ ಅಡಗಿ ಅದೇ ಕೆಲಸ ಮಾಡುತ್ತದೆ.

ಹಾಗಾದರೆ ಮಾಡಬೇಕಾದುದೇನು? ಮಲಗುವ ಮುನ್ನ ಮರಿಯನ್ನು ಹಿತ್ತಲಿಗೊಯ್ಯಬೇಕು. ಬಳಿಕ ಗೋಣಿಚೀಲ ಹಾಸಿ ನಮ್ಮ ಸಮೀಪದಲ್ಲಿಯೇ ಮಲಗಿಸಿದರೆ ಅದರ ಕುಂಯ್‌ಗುಟ್ಟುವಿಕೆ ಕೇಳಿಸುತ್ತದೆ. ಮೂರು ಗಂಟೆಗೊಮ್ಮೆ ಎದ್ದು, ಆಟಕ್ಕೆಳೆಯದೆ, ಅದೇ ಜಾಗಕ್ಕೆ ಎತ್ತಿಕೊಂಡು ಹೋಗಬೇಕು; ಕೆಲಸ ಮುಗಿದ ಕ್ಷಣವೇ ಮೈದಡವಿ ಮೆಚ್ಚಬೇಕು. ಒಳಗೆ ಮಾಡಿದ್ದನ್ನು ಸಾಬೂನಿನ ನೀರಿನಿಂದ ವಾಸನೆ ಉಳಿಯದಂತೆ ತೊಳೆಯಬೇಕು. ಉಳಿದ ವಾಸನೆಯು ಮರಿಯನ್ನು ಮತ್ತೆ ಅಲ್ಲಿಗೇ ಕರೆಯುತ್ತದೆ. ಮೂತ್ರ ಬಾರದಿರಲೆಂದು ಹಗಲೆಲ್ಲ ನೀರು ಕೊಡದಿರುವವರಿದ್ದರೆ, ವಿಜಯಪುರದ ಬೇಸಗೆಯಲ್ಲಿ ಅದು ಪ್ರಾಣಕ್ಕೇ ಕುತ್ತು ಎಂಬುದನ್ನು ಅವರು ಮರೆಯಬಾರದು. ಮರಿಯ ಮಲದಲ್ಲಿ ಜಂತುಹುಳುವಿನ ಮೊಟ್ಟೆಗಳಿರಬಹುದು. ಅವು ಮಣ್ಣಿನಿಂದ ಮಕ್ಕಳ ಬಾಯಿ ಸೇರದಂತೆ ಮಲವನ್ನು ದಿನವೂ ತೆಗೆದು ಆಳವಾಗಿ ಹೂಳುವುದೂ, ಪಶುವೈದ್ಯರಿಂದ ಜಂತಿನ ಔಷಧ ಕೊಡಿಸುವುದೂ ಅವಶ್ಯ.

ದಿನವಿಡೀ ದುಡಿದವರು ನಿದ್ದೆ ಕೆಡುವುದು ಹೇಗೆಂದು ಕೆಲವರು ಕೇಳಬಹುದು. ಆಕ್ಷೇಪ ಸುಳ್ಳಲ್ಲ. ಆದರೆ ಈ ಜಾಗರಣೆ ಕೆಲವು ವಾರಗಳದು. ಮರಿ ಬೆಳೆದಂತೆ ಅವಧಿಯೂ ಬೆಳೆಯುತ್ತದೆ, ನಾಲ್ಕೈದು ತಿಂಗಳಿಗೆ ಎಷ್ಟೋ ಮರಿಗಳು ಇರುಳೆಲ್ಲ ತಡೆಯಬಲ್ಲವು. ಪರೀಕ್ಷೆಗಾಗಿ ರಾತ್ರಿ ಎಚ್ಚರವಿರುವ ವಿದ್ಯಾರ್ಥಿಗಳು ಮನೆಯವರೊಡನೆ ಸರದಿ ಹಂಚಿಕೊಂಡರೆ ಭಾರ ಹಗುರಾಗುವುದು. ಅಷ್ಟೂ ಸಾಧ್ಯವಿಲ್ಲದವರು ಮರಿಯನ್ನು ತಾರದಿರುವುದೇ ಲೇಸು. ಬೇಸತ್ತು ಬೀದಿಗೆ ಬಿಟ್ಟ ಮರಿಯ ಪಾಡು ನಮಗೆಲ್ಲ ಗೊತ್ತೇ ಇದೆ. ಶಿಕ್ಷಣ ಮೊದಲು ಬೇಕಾದುದು ಮರಿಗಲ್ಲ, ನಮಗೆ.