ಮಗನ ತಪ್ಪು, ಮನೆಯ ಲೆಕ್ಕ

ಹೊರನಾಡ ಕನ್ನಡಿಗರಾದ ನಾವು ನಮ್ಮ ಸಂಘಗಳ ಪತ್ರಿಕೆಗಳಲ್ಲಿ ಸಾಮಾನ್ಯವಾಗಿ ಚರ್ಚಿಸುವುದು ಭಾಷೆಯ ಅಳಿವು-ಉಳಿವು, ಗಡಿ, ನೀರು, ಶಾಲೆಗಳನ್ನು ಕುರಿತು. ಮಕ್ಕಳ ವಿಷಯ ಬಂದರೆ ಅವರು ಕನ್ನಡ ಓದುತ್ತಾರೆಯೇ, ಬರೆಯುತ್ತಾರೆಯೇ ಎಂಬಲ್ಲಿಗೆ ನಮ್ಮ ಚಿಂತೆ ನಿಲ್ಲುತ್ತದೆ. ಅವರು ಹೇಗೆ ಬದುಕಲು ಕಲಿಯುತ್ತಿದ್ದಾರೆ ಎಂಬುದನ್ನು ಮನೆಯ ವಿಚಾರವೆಂದು ಬಾಗಿಲೊಳಗೇ ಇಟ್ಟುಕೊಳ್ಳುತ್ತೇವೆ. ಕಳೆದ ಬೇಸಿಗೆಯಲ್ಲಿ ನನ್ನ ಮನೆಯಲ್ಲಿ ನಡೆದ ಒಂದು ಪ್ರಸಂಗವನ್ನು ನಾನೂ ಹಾಗೆಯೇ ಮುಚ್ಚಿಟ್ಟುಕೊಂಡಿದ್ದೆ. ಈಗ ಬರೆಯುತ್ತಿರುವುದು ಮಗನ ಒಪ್ಪಿಗೆ ಪಡೆದ ಮೇಲೆ. 'ಬರೆಯುವುದಾದರೆ ನಿಮ್ಮ ಪಾಲನ್ನೂ ಬರೆಯಿರಿ' ಎಂಬುದು ಅವನ ಷರತ್ತು. ಅದು ನ್ಯಾಯವಾದ ಷರತ್ತೇ ಆಗಿದೆ.

ನಾವು ಮೂಲತಃ ಬೀದರ ಜಿಲ್ಲೆಯವರು. ನನ್ನ ಅಜ್ಜನ ಕಾಲಕ್ಕೆ ಬೀದರವೂ ಹೈದರಾಬಾದೂ ಒಂದೇ ಸಂಸ್ಥಾನದಲ್ಲಿದ್ದವು. 1956ರ ನವೆಂಬರ್ 1ರಂದು ರಾಜ್ಯಗಳ ಪುನರ್ವಿಂಗಡಣೆಯಾದಾಗ ಊರು ಮೈಸೂರು ರಾಜ್ಯಕ್ಕೆ ಸೇರಿತು. ಅಜ್ಜನ ನೌಕರಿ ಇಲ್ಲಿಯೇ ಉಳಿಯಿತು. ಮನೆ ಬದಲಿಸದೆಯೇ ಹೊರನಾಡಿಗರಾದ ಅನೇಕ ಕುಟುಂಬಗಳಲ್ಲಿ ನಮ್ಮದೂ ಒಂದು. ಮಗನಿಗೆ ಹದಿನೇಳು ವರ್ಷ. ಇಂಟರ್‌ಮೀಡಿಯೆಟ್ ಮೊದಲ ವರ್ಷದ ಪರೀಕ್ಷೆ ಮುಗಿಸಿ, ರಜೆಯಲ್ಲಿ ಕಾಚಿಗುಡಾ ಕಡೆಯ ಒಂದು ಜೆರಾಕ್ಸ್ ಅಂಗಡಿಯಲ್ಲಿ ಮಧ್ಯಾಹ್ನ ಎರಡರಿಂದ ಆರರವರೆಗೆ ಕೆಲಸಕ್ಕೆ ಸೇರಿದ. ತಿಂಗಳಿಗೆ 4,000 ರೂಪಾಯಿ ಸಂಬಳ. 'ಓದುವ ಹುಡುಗನನ್ನು ದುಡಿಯಲು ಕಳಿಸಿದಿರಾ?' ಎಂದು ಬಂಧುಗಳು ಕೇಳಿದಾಗ, ದುಡಿಮೆಯ ಬೆಲೆ ತಿಳಿಯಲಿ ಎಂದು ನಾನು ದೊಡ್ಡ ಮಾತುಗಳನ್ನೇ ಆಡಿದೆ.

ಐದು ವಾರ ಕಳೆದಿರಬಹುದು. ಒಂದು ರಾತ್ರಿ ಅಂಗಡಿಯ ಮಾಲೀಕರು ಮನೆಗೆ ಬಂದರು. ತೆಲುಗರು, ಮಿತಭಾಷಿಗಳು. ಈಗ ಬಹುಪಾಲು ಗಿರಾಕಿಗಳು ಮೊಬೈಲಿನಲ್ಲೇ ಹಣ ಪಾವತಿಸುತ್ತಾರೆ. ಅದು ನೇರವಾಗಿ ಮಾಲೀಕರ ಖಾತೆಗೆ ಸೇರುತ್ತದೆ. ನಗದು ಕೊಡುವವರ ಲೆಕ್ಕ ಮಾತ್ರ ಹುಡುಗನ ಕೈಯ ಪುಸ್ತಕದಲ್ಲಿ. ಆದರೆ ಜೆರಾಕ್ಸ್ ಯಂತ್ರ ತಾನು ತೆಗೆದ ಪ್ರತಿಗಳನ್ನೆಲ್ಲ ಎಣಿಸಿಟ್ಟುಕೊಂಡಿರುತ್ತದೆ ಎಂಬುದು ಹುಡುಗನಿಗೆ ತಿಳಿದಿರಲಿಲ್ಲ. ಹಾಳಾದ ಹಾಳೆಗಳನ್ನು ಕಳೆದ ಮೇಲೂ 930 ಪುಟಗಳಿಗೆ ಲೆಕ್ಕವಿರಲಿಲ್ಲ. ಪುಟಕ್ಕೆ 2 ರೂಪಾಯಿಯಂತೆ 1,860 ರೂಪಾಯಿ.

'ನಮ್ಮ ಹುಡುಗ ಅಂಥವನಲ್ಲ' ಎಂಬುದು ನನ್ನ ಬಾಯಿಂದ ಬಂದ ಮೊದಲ ಮಾತು. ಎರಡನೆಯದಾಗಿ, ಅಷ್ಟೂ ಹಣವನ್ನು ಅಲ್ಲಿಯೇ ಎಣಿಸಿಕೊಡಲು ಹೋದೆ. ಅವರು ತೆಗೆದುಕೊಳ್ಳಲಿಲ್ಲ. 'ತೆಗೆದವರು ನೀವಲ್ಲವಲ್ಲ' ಎಂದಷ್ಟೇ ಹೇಳಿ ಹೊರಟುಹೋದರು. ಮಗ ಮೊದಲು ಯಂತ್ರವೇ ತಪ್ಪು ಎಣಿಸಿದೆ ಎಂದ. ನಾನು ಕೈ ಎತ್ತಿದೆ. ಅವನ ತಾಯಿ ನಡುವೆ ಬಂದಳು. ನಡುರಾತ್ರಿ ಕಳೆದ ಮೇಲೆ ಅವಳ ಮುಂದೆ ಒಪ್ಪಿಕೊಂಡ. ಮೊದಲ ಸಲ ಇಪ್ಪತ್ತು ರೂಪಾಯಿ, ಯಾರೂ ಕೇಳಲಿಲ್ಲ. ಆಮೇಲೆ ಗೆಳೆಯರ ಜೊತೆ ಬಿರಿಯಾನಿ, ಕಿವಿಗೆ ಹಾಕಿಕೊಳ್ಳುವ ಇಯರ್‌ಫೋನ್. ಜೊತೆಗೆ ಇನ್ನೊಂದು ಮಾತನ್ನೂ ಹೇಳಿದ: ಕಾಲೇಜು ಪ್ರವೇಶದ ಅರ್ಜಿಗಳ ಗದ್ದಲದಲ್ಲಿ ಹದಿನೆಂಟು ದಿನ ಏಳೂವರೆಯವರೆಗೆ ನಿಲ್ಲಿಸಿಕೊಂಡಿದ್ದರು, ಅದಕ್ಕೆ ಕಾಸು ಕೊಡಲಿಲ್ಲ. 'ಅವರು ಕೊಡಲಿಲ್ಲ, ನಾನು ತೆಗೆದುಕೊಂಡೆ.'

ಮರುದಿನ ನಾನು ಪ್ರಾಮಾಣಿಕತೆಯ ಉಪದೇಶಕ್ಕೆ ತೊಡಗಿದಾಗ ಅವನು ತಲೆ ಎತ್ತದೆ ಹೇಳಿದ: 'ಬೀದರಿನ ಬಸ್ಸಿನಲ್ಲಿ ನನಗೆ ಹನ್ನೊಂದೇ ವರ್ಷ ಎಂದು ಹೇಳಿಸಿದ್ದಿರಿ.' ನಿಜ. ಹನ್ನೆರಡು ತುಂಬಿದ ಮೇಲೂ ಒಂದು ವರ್ಷ ಅವನಿಗೆ ಅರ್ಧ ಟಿಕೆಟ್ಟೇ ತೆಗೆಸುತ್ತಿದ್ದೆ. ಅಷ್ಟೇ ಅಲ್ಲ, ಉಳಿಸಿದ ಹಣದ ಕಥೆಯನ್ನು ಮನೆಯಲ್ಲಿ ನಗುನಗುತ್ತ ಹೇಳುತ್ತಿದ್ದೆ. ಅದನ್ನು ನಾನು ಜಾಣತನವೆಂದು ಕರೆದಿದ್ದೆ, ಅವನು ಕೇಳಿಸಿಕೊಂಡಿದ್ದ. ಹಾಗೆಂದು ಮಗನ ಕಳವಿಗೆ ತಂದೆಯ ಅರ್ಧ ಟಿಕೆಟ್ಟು ಕಾರಣ ಎಂದು ಹೇಳಿ ಅವನನ್ನು ಬಿಡಿಸಲಾಗದು. ನನ್ನ ತಪ್ಪು ನನ್ನದು, ಅವನದು ಅವನದು. ಆದರೆ ನನ್ನದನ್ನು ಒಪ್ಪಿಕೊಳ್ಳದೆ ಅವನದನ್ನು ಕೇಳುವ ಅಧಿಕಾರ ನನಗಿರಲಿಲ್ಲ ಎಂಬುದನ್ನು ಅಲ್ಲಗಳೆಯುವಂತಿಲ್ಲ. ಅದನ್ನು ಅವನ ಎದುರೇ ಒಪ್ಪಿಕೊಂಡೆ.

ಇಂಥ ಸಂದರ್ಭದಲ್ಲಿ ತಂದೆತಾಯಿಗಳ ಮುಂದೆ ಮೂರು ಸುಲಭ ದಾರಿಗಳಿರುತ್ತವೆ: ಹೊಡೆಯುವುದು, ಹಣ ಕಟ್ಟಿ ಮುಚ್ಚಿಹಾಕುವುದು, ಕೆಲಸ ಬಿಡಿಸುವುದು. ಮೂರರಲ್ಲೂ ಹುಡುಗ ತಾನು ಯಾರಿಗೆ ನಷ್ಟ ಮಾಡಿದನೋ ಅವರ ಮುಖ ನೋಡಬೇಕಾಗಿಲ್ಲ. ನಾಲ್ಕನೆಯದು ಕ್ಷಮೆ. ಇಲ್ಲಿ ಗಾಂಧೀಜಿಯವರ ಉದಾಹರಣೆಯನ್ನು ನಾವೆಲ್ಲ ಕೊಡುತ್ತೇವೆ. ಹದಿನೈದರ ವಯಸ್ಸಿನಲ್ಲಿ ಅವರು ಅಣ್ಣನ ತೋಳಿನ ಕಡಗದಿಂದ ಚಿನ್ನದ ಚೂರನ್ನು ಕದ್ದು, ಅನಂತರ ತಾವೇ ತಪ್ಪೊಪ್ಪಿಗೆ ಬರೆದು, ಶಿಕ್ಷೆ ಕೊಡಿರೆಂದು ಕೇಳಿ ತಂದೆಯ ಕೈಗಿತ್ತರು. ರೋಗಶಯ್ಯೆಯಲ್ಲಿದ್ದ ತಂದೆ ಓದಿ ಕಣ್ಣೀರಿಟ್ಟು ಚೀಟಿಯನ್ನು ಹರಿದುಹಾಕಿದರು ಎಂದು ಆತ್ಮಕಥೆಯಲ್ಲಿ ಬರೆದಿದ್ದಾರೆ. ತಂದೆಯ ಕಣ್ಣೀರನ್ನು ನೆನೆಯುವ ನಾವು ಎರಡು ಸಂಗತಿಗಳನ್ನು ಮರೆಯುತ್ತೇವೆ. ಆ ಹುಡುಗ ಸಿಕ್ಕಿಬಿದ್ದಿರಲಿಲ್ಲ, ತಾನಾಗಿ ಬರೆದಿದ್ದ. ಮೇಲಾಗಿ, ಕಳವಾದದ್ದು ಆ ಮನೆಯ ಚಿನ್ನವೇ. ನನ್ನ ಮಗ ಸಿಕ್ಕಿಬಿದ್ದವನು, ನಷ್ಟವಾದದ್ದು ಬೇರೆಯವರಿಗೆ. ಅದನ್ನು ಕ್ಷಮಿಸಲು ನಾನು ಯಾರು?

ನನಗೆ ಹೆಚ್ಚು ಹತ್ತಿರವೆನಿಸಿದ್ದು ನಮ್ಮದೇ ನೆಲದ ಒಂದು ಕಥೆ. ಹನ್ನೆರಡನೆಯ ಶತಮಾನದ ಆಯ್ದಕ್ಕಿ ಮಾರಯ್ಯ ಮತ್ತು ಲಕ್ಕಮ್ಮ ರಾಯಚೂರು ಜಿಲ್ಲೆಯ ಲಿಂಗಸುಗೂರು ತಾಲ್ಲೂಕಿನ ಅಮರೇಶ್ವರದವರು. ಕಲ್ಯಾಣದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ತರುವುದು ಮಾರಯ್ಯನ ಕಾಯಕ. ಒಂದು ದಿನ ಅವನು ಎಂದಿಗಿಂತ ಹೆಚ್ಚು ಅಕ್ಕಿ ತಂದಾಗ ಲಕ್ಕಮ್ಮ ಅದನ್ನು ಪ್ರಶ್ನಿಸಿ, ಹೆಚ್ಚಿನದನ್ನು ತಂದ ಕಡೆಗೇ ಸುರಿದು ಬರುವಂತೆ ಹೇಳಿದಳೆಂಬುದು ಪರಂಪರೆಯ ಕಥೆ. ಅಲ್ಲಿ ಪ್ರಶ್ನೆ ಹುಟ್ಟಿದ್ದು ಮನೆಯ ಒಳಗೆ, ಅದೂ ಅಕ್ಕಿ ಹೊಸಿಲು ದಾಟಿದ ಗಳಿಗೆಯಲ್ಲಿ. ನಮ್ಮ ಮನೆಗೆ ಹೊಸ ಇಯರ್‌ಫೋನ್ ಬಂದಾಗ ಹೆಂಡತಿ ಕೇಳಿದ್ದಳು. 'ದುಡಿಯುತ್ತಿದ್ದಾನೆ, ಕೊಳ್ಳಲಿ ಬಿಡು' ಎಂದು ಅವಳ ಬಾಯಿ ಮುಚ್ಚಿಸಿದವನು ನಾನು.

ಭಾನುವಾರ ಬೆಳಿಗ್ಗೆ ನಾವಿಬ್ಬರೂ ಅಂಗಡಿಗೆ ಹೋದೆವು. ಮಗನ ಕೈಯಲ್ಲಿ ಎರಡು ಹಾಳೆಗಳಿದ್ದವು. ಮೊದಲನೆಯದರಲ್ಲಿ ತೆಗೆದುಕೊಂಡದ್ದು: 1,860 ರೂಪಾಯಿ. ಎರಡನೆಯದರಲ್ಲಿ ಹೆಚ್ಚು ದುಡಿದದ್ದು: ಹದಿನೆಂಟು ದಿನ, ದಿನಕ್ಕೆ ಒಂದೂವರೆ ಗಂಟೆಯಂತೆ 27 ಗಂಟೆ. ದಾರಿಯಲ್ಲಿ ಅವನು, ಒಂದರಲ್ಲಿ ಇನ್ನೊಂದನ್ನು ಕಳೆದು ಉಳಿದದ್ದನ್ನು ಕೊಡುತ್ತೇನೆ ಎಂದ. ನಾನು ಒಪ್ಪಲಿಲ್ಲ. ಕೂಲಿ ಬಾಕಿ ಇದ್ದರೆ ಬಾಯಿಬಿಟ್ಟು ಕೇಳಬೇಕು. ಕೇಳದೆ ತೆಗೆದುಕೊಂಡದ್ದು ಕೂಲಿಯಾಗುವುದಿಲ್ಲ. ಮೊದಲ ಹಾಳೆಯನ್ನು ಅವನೇ ಓದಿ ಹೇಳಿದ. ಧ್ವನಿ ನಡುಗುತ್ತಿತ್ತು, ನಾನು ನೆರವಿಗೆ ಹೋಗಲಿಲ್ಲ. ಮಾಲೀಕರು ಕೇಳಿಸಿಕೊಂಡ ಮೇಲೆಯೇ ಎರಡನೆಯ ಹಾಳೆ ಮುಂದಿಟ್ಟ. ಅವರು ಬಹಳ ಹೊತ್ತು ಸುಮ್ಮನಿದ್ದರು. ಆಮೇಲೆ, ಆ ಗಂಟೆಗಳ ಮಾತು ನಿಜ ಎಂದು ಒಪ್ಪಿ, ಅದಕ್ಕೆ 1,000 ರೂಪಾಯಿ ಬೇರೆಯಾಗಿ ಕೊಟ್ಟರು. ತಿಂಗಳ ಕೊನೆಗೆ ಮಗ ತನ್ನ ಸಂಬಳದಿಂದ 1,860 ರೂಪಾಯಿಯನ್ನು ಪೂರ್ತಿ ತೆತ್ತ. ಕೆಲಸ ಉಳಿಯಿತು, ಆದರೆ ಹಿಂದಿನ ಕೋಣೆಯಲ್ಲಿ ಪುಸ್ತಕಗಳಿಗೆ ರಟ್ಟು ಹಾಕುವ ಕೆಲಸ. ಗಲ್ಲಾಪೆಟ್ಟಿಗೆಯ ಬಳಿ ಅವನನ್ನು ಮತ್ತೆ ಕೂರಿಸಲಿಲ್ಲ. ಅವನಿಗೆ ಅದು ನೋವು ತಂದಿತು. ಆ ನೋವನ್ನು ತಪ್ಪಿಸುವುದು ನನ್ನಿಂದ ಸಾಧ್ಯವಿರಲಿಲ್ಲ, ಸಾಧುವೂ ಅಲ್ಲ.

ವಿಷಯ ತಿಳಿದ ಹಿತೈಷಿಗಳೊಬ್ಬರು ಹೇಳಿದ ಮಾತು ಈ ಲೇಖನಕ್ಕೆ ಕಾರಣವಾಯಿತು. 'ನಾವು ಹೊರಗಿನವರೆಂದು ಅವರು ದೊಡ್ಡದು ಮಾಡಿದ್ದಾರೆ. ಕನ್ನಡಿಗರ ಮರ್ಯಾದೆಯ ಪ್ರಶ್ನೆ, ಯಾರಿಗೂ ಹೇಳಬೇಡಿ.' ಹೊರನಾಡಿನಲ್ಲಿ ನಮಗೆ ಅನ್ಯಾಯಗಳಾಗಿಲ್ಲವೆಂದಲ್ಲ. ಆದರೆ ಆ ಮಾಲೀಕರು ಪೊಲೀಸರ ಬಳಿಗೆ ಹೋಗದೆ ನಮ್ಮ ಮನೆಗೆ ಬಂದರು. ಹದಿನೆಂಟು ತುಂಬದ ಕಾರಣ ಅಂಥ ದೂರು ಬಾಲನ್ಯಾಯ ಮಂಡಳಿಯ ಮುಂದೆ ಬರುತ್ತಿತ್ತು. ಹದಿನೆಂಟು ತುಂಬಿದವರು ಕೆಲಸ ಕೊಟ್ಟವರ ಸ್ವತ್ತನ್ನು ಕದ್ದರೆ, 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯಲ್ಲಿ ಏಳು ವರ್ಷಗಳವರೆಗೆ ಸೆರೆಮನೆ ವಾಸವಿದೆ. ಒಬ್ಬ ತೆಲುಗು ವ್ಯಾಪಾರಿ ನಮ್ಮ ಹುಡುಗನ ಮೇಲೆ ತೋರಿದ ಈ ಸಂಯಮವನ್ನು ಭಾಷಾ ದ್ವೇಷವೆಂದು ತಿರುಚುವುದು ಯಾವ ಅಭಿಮಾನ? ಕಳವಿನ ಮೇಲೆ ಹೊದಿಸುವ ಕನ್ನಡಾಭಿಮಾನದಿಂದ ಕನ್ನಡಕ್ಕೇ ಅವಮಾನ.

ಕೊನೆಯದಾಗಿ ಎರಡು ಸಲಹೆಗಳು. ಹದಿನಾಲ್ಕು ತುಂಬದ ಮಕ್ಕಳನ್ನು ಅಂಗಡಿ ಕೆಲಸಕ್ಕೆ ಹಚ್ಚುವುದನ್ನು 2016ರ ತಿದ್ದುಪಡಿಯೇ ನಿಷೇಧಿಸಿದೆ. ಅದಕ್ಕೂ ದೊಡ್ಡವರಾದ ನಮ್ಮ ಹುಡುಗ ಹುಡುಗಿಯರು ರಜೆಯಲ್ಲಿ ದುಡಿಯುವುದು ಒಳ್ಳೆಯದೇ. ಆದರೆ ಮೊದಲ ದಿನ ತಂದೆಯೋ ತಾಯಿಯೋ ಜೊತೆಗೆ ಹೋಗಿ, ಎಷ್ಟು ಗಂಟೆ, ಎಷ್ಟು ಸಂಬಳ, ಹೆಚ್ಚು ಹೊತ್ತಿಗೆ ಏನು, ನಗದನ್ನು ಹೇಗೆ ಬರೆಯಬೇಕು ಎಂಬುದನ್ನು ಕೇಳಿ ಬರಬೇಕು. ನಾನು ಇದೊಂದನ್ನೂ ಕೇಳಿರಲಿಲ್ಲ. ಎರಡನೆಯದು ಸಂಘಗಳಿಗೆ. ರಾಜ್ಯೋತ್ಸವದಲ್ಲಿ ಹುಡುಗರಿಂದ ಕುರ್ಚಿ ಹೊರಿಸುತ್ತೇವೆ, ನಾಡಗೀತೆ ಹಾಡಿಸುತ್ತೇವೆ. ಒಂದು ವರ್ಷ ಖರ್ಚಿನ ಪುಸ್ತಕವನ್ನು ಅವರ ಕೈಗೆ ಕೊಡೋಣ. ರಸೀದಿ ಇಲ್ಲದ 'ಇತರೆ ವೆಚ್ಚ'ದ ಮುಂದೆ ಅವರು ಪ್ರಶ್ನಾರ್ಥಕ ಚಿಹ್ನೆ ಹಾಕಿದರೆ, ಹಿರಿಯರಾದ ನಾವು ಸಿಡುಕದೆ ಉತ್ತರಿಸೋಣ. ಪ್ರಾಮಾಣಿಕತೆಯನ್ನು ಕುರಿತ ನಮ್ಮ ಭಾಷಣಗಳಿಗಿಂತ ಆ ಉತ್ತರದಿಂದ ಅವರು ಹೆಚ್ಚು ಕಲಿತಾರು.

ಈ ಹಸ್ತಪ್ರತಿಯನ್ನು ಮಗನಿಗೆ ಓದಿ ಹೇಳಿದೆ. ಒಂದೇ ಒಂದು ತಿದ್ದುಪಡಿ ಸೂಚಿಸಿದ. ಅರ್ಧ ಟಿಕೆಟ್ಟು ತೆಗೆಸಿದ್ದು ಒಂದು ವರ್ಷವಲ್ಲವಂತೆ, ಎರಡು ವರ್ಷವಂತೆ. ಅದನ್ನೂ ಇಲ್ಲಿ ದಾಖಲಿಸಿದ್ದೇನೆ.