ಕೂಸಿನ ಉಸಿರಿಗೆ ಕಟ್ಟಿದ ಬೆಲೆ

ದಿನ ತುಂಬುವ ಮೊದಲೇ ಹುಟ್ಟಿದ ಕೂಸಿಗೆ ದೊಡ್ಡ ಕಷ್ಟ ಉಸಿರಿನದು. ಶ್ವಾಸಕೋಶದ ಗಾಳಿಗೂಡುಗಳು ಮುದುಡದಂತೆ ಕಾಯುವ ಪಸೆ ಅದಕ್ಕೆ ಇನ್ನೂ ಸಾಕಷ್ಟು ಬಂದಿರುವುದಿಲ್ಲ. ಪ್ರತಿ ಉಸಿರಿಗೂ ಗೂಡನ್ನು ಹೊಸದಾಗಿ ಬಿಡಿಸಬೇಕು. ಬಿಡಿಸಿ ಬಿಡಿಸಿ ದಣಿದು ಕೂಸು ಸಾಯುತ್ತದೆ. 1963ರಲ್ಲಿ ಅಮೆರಿಕದ ಅಧ್ಯಕ್ಷ ಕೆನಡಿಯವರ ಮಗು ಹುಟ್ಟಿದ 39 ಗಂಟೆಗಳಲ್ಲಿ ಹೀಗೆಯೇ ತೀರಿಕೊಂಡಿತು. ಆಗ ಅರಮನೆಗೂ ಗುಡಿಸಲಿಗೂ ಒಂದೇ ಗತಿ.

1971ರಲ್ಲಿ ಸ್ಯಾನ್ ಫ್ರಾನ್ಸಿಸ್ಕೋದ ವೈದ್ಯ ಜಾರ್ಜ್ ಗ್ರೆಗರಿ ಮತ್ತು ಸಂಗಡಿಗರು ದಾರಿ ತೋರಿದರು. ಹಗುರವಾದ ಒತ್ತಡದಲ್ಲಿ ಗಾಳಿಯನ್ನು ಎಡೆಬಿಡದೆ ಕೊಡುತ್ತಿದ್ದರೆ ಗೂಡುಗಳು ಮುದುಡುವುದಿಲ್ಲ. ಅಲ್ಲಿಂದ ಮುಂದೆ ಗತಿ ಎರಡಾಯಿತು. ಧನಿಕ ದೇಶದ ಕೂಸು ಬದುಕತೊಡಗಿತು. ಬಡ ದೇಶದ ಕೂಸು ಸಾಯುತ್ತಲೇ ಇತ್ತು. ವಿದ್ಯೆಯನ್ನು ಯಾರೂ ಬಚ್ಚಿಟ್ಟಿರಲಿಲ್ಲ. ಯಂತ್ರಕ್ಕೆ ಸುಮಾರು 6000 ಡಾಲರ್ ಬೆಲೆ ಇತ್ತು, ಅಷ್ಟೆ!

ಹ್ಯೂಸ್ಟನ್ ನಗರದ ರೈಸ್ ವಿಶ್ವವಿದ್ಯಾನಿಲಯದಲ್ಲಿ ರೆಬೆಕಾ ರಿಚರ್ಡ್ಸ್-ಕಾರ್ಟಮ್ ಎಂಬ ಇಂಜಿನಿಯರ್ ಮತ್ತು ಅವರ ವಿದ್ಯಾರ್ಥಿಗಳು ಕೈ ಹಾಕಿದ್ದು ಈ ಬೆಲೆಗೆ. ಗಾಜಿನ ತೊಟ್ಟಿಯ ಮೀನುಗಳಿಗೆ ಗಾಳಿ ಊದುವ ಪುಟ್ಟ ಪಂಪನ್ನು ತಂದು ಅದರಿಂದಲೇ ಯಂತ್ರ ಮಾಡಿದರು. ನಮ್ಮ ವಾಚಕರಲ್ಲಿ ಪಂಪು ಬಿಚ್ಚಿ ಜೋಡಿಸಬಲ್ಲವರು ಅನೇಕರಿದ್ದಾರೆ; ಅವರಿಗೆ ಇದು ಒಗಟೇನಲ್ಲ. ಪಂಪಿನ ಗಾಳಿ ಕೊಳವೆಯಲ್ಲಿ ಕೂಸಿನ ಮೂಗಿಗೆ ಹೋಗುತ್ತದೆ. ಕೊಳವೆಯ ಇನ್ನೊಂದು ತುದಿ ನೀರಿನ ಸೀಸೆಯಲ್ಲಿ ಮುಳುಗಿರುತ್ತದೆ. 6 ಸೆಂಟಿಮೀಟರ್ ಮುಳುಗಿಸಿದರೆ ಅಷ್ಟೇ ನೀರಿನ ಒತ್ತಡ. ಗುಳ್ಳೆ ಏಳುತ್ತಿದ್ದರೆ ಸರಿ. ನಿಂತರೆ ಎಲ್ಲೋ ಸೋರಿದೆಯೆಂದು ತಿಳಿಯಬೇಕು. ಬೆಲೆ ಹಳೆಯದರ ಹತ್ತನೆಯ ಒಂದು ಪಾಲಿಗೂ ಕಡಿಮೆ.

ಬಡವರಿಗೆ ಕಳಪೆ ಮಾಲು ಸಾಗಿಸುವುದನ್ನು ಕಂಡು ಬೇಸತ್ತವರು ಇಲ್ಲಿ ಸಂಶಯಪಟ್ಟರೆ ತಪ್ಪಿಲ್ಲ. ಆದರೆ ಅಳೆದು ನೋಡಿದಾಗ ಇದರ ಒತ್ತಡ ಅಮೆರಿಕದ ಆಸ್ಪತ್ರೆಗಳಲ್ಲಿ ಬಳಸುವ ಯಂತ್ರಗಳಿಗೆ ಸಮನಾಗಿತ್ತು. ಆಫ್ರಿಕದ ಮಲಾವಿ ದೇಶದ ಬ್ಲಾಂಟೈರ್ ಸರ್ಕಾರಿ ಆಸ್ಪತ್ರೆಯಲ್ಲಿ ಇದನ್ನು ಪಡೆದ 62 ಕೂಸುಗಳಲ್ಲಿ 44 ಬದುಕಿದವು. ಬರಿಯ ಆಮ್ಲಜನಕ ಪಡೆದ 25ರಲ್ಲಿ ಉಳಿದವು 11. ಈ ಲೆಕ್ಕ 2014ರಲ್ಲಿ ಅಚ್ಚಾಯಿತು. ಗುಂಪು ಸಣ್ಣದು, ನಿಜ. ಆದರೂ ತಳ್ಳಿಹಾಕುವ ಅಂಕಿಗಳಲ್ಲ. ಯಂತ್ರಕ್ಕೆ ‘ಪುಮಾನಿ’ ಎಂದು ಹೆಸರಿಟ್ಟರು. ಅಲ್ಲಿನ ಚಿಚೆವಾ ಭಾಷೆಯಲ್ಲಿ ‘ಉಸಿರಾಡು’ ಎಂದರ್ಥ. ಬಳಿಕ ಅದು ಆ ದೇಶದ ಜಿಲ್ಲಾ ಆಸ್ಪತ್ರೆಗಳಿಗೂ ಹೋಯಿತು.

ಹಾಗೆಂದು ಇಂಜಿನಿಯರರಿಗೆ ಹಾರ ಹಾಕಿ ಕೈತೊಳೆದುಕೊಳ್ಳುವವರೂ ಇದ್ದಾರೆ. ಕೊಳವೆ ಮೂಗಿನಿಂದ ಜಾರಿದರೆ ಸರಿಪಡಿಸಲು ರಾತ್ರಿಯೆಲ್ಲ ದಾದಿ ಎಚ್ಚರವಿರಬೇಕು. ಕರೆಂಟು ಹೋದರೆ ಪಂಪು ನಿಲ್ಲುತ್ತದೆ. ಮಲಾವಿಯ ವಾರ್ಡುಗಳಲ್ಲಿ ದಾದಿಯರ ಕೊರತೆ ದೊಡ್ಡದು. ಅವರನ್ನು ನೇಮಿಸುವುದು, ಸಂಬಳ ಕೊಡುವುದು ಹ್ಯೂಸ್ಟನ್ನಿನ ವಿದ್ಯಾರ್ಥಿಗಳ ಕೆಲಸವಲ್ಲ, ಸರ್ಕಾರದ ಕೆಲಸ.