ಪಾಯ ತೋಡುವ ಮೊದಲು ಪೇಟೆಯ ನೆಲ ನೋಡಿ

ಬೆಂಗಳೂರಿನ ಹಳೇ ಪೇಟೆ 1537ರಲ್ಲಿ ಕೆಂಪೇಗೌಡರು ಕಟ್ಟಿಸಿದ ಮಣ್ಣಿನ ಕೋಟೆಯೊಳಗೆ ಬೆಳೆದ ಊರು. ಅಕ್ಕಿಪೇಟೆ, ಗಾಣಿಗರಪೇಟೆ, ಕುಂಬಾರಪೇಟೆ: ಕಸುಬಿನ ಹೆಸರೇ ಬೀದಿಗೂ ಬಂದಿದೆ. ಜನವಸತಿ ತಪ್ಪದ ಇಂಥ ಊರಿನಲ್ಲಿ ಹಳೆಯ ಮನೆ ಬಿದ್ದ ಮಣ್ಣಿನ ಮೇಲೆಯೇ ಹೊಸ ಮನೆ ಏಳುತ್ತದೆ. ಮಡಕೆ ಚೂರು, ಒಲೆಯ ಬೂದಿ, ಸುಟ್ಟ ಕಾಳು, ಮುಚ್ಚಿದ ಬಾವಿ ಪದರ ಪದರವಾಗಿ ಕೆಳಗೆ ಉಳಿಯುತ್ತವೆ. ಅರಸರು ಶಾಸನ ಕೆತ್ತಿಸಿ ಹೋದರು. ಕುಂಬಾರ, ಗಾಣಿಗ, ನೇಕಾರರ ಬದುಕಿಗೆ ಬಹುಪಾಲು ಈ ಮಣ್ಣೇ ದಾಖಲೆ.

ಆ ದಾಖಲೆ ಈಗ ವಾಹನ ನಿಲ್ಲಿಸುವ ಬೇಸ್‌ಮೆಂಟಿಗಾಗಿ ಟಿಪ್ಪರ್ ಹತ್ತಿ ಹೋಗುತ್ತಿದೆ. ಹಳೆಯ ಕಟ್ಟಡ ಕೆಡವಿ ಹೊಸದು ಕಟ್ಟುವುದು ತಪ್ಪಲ್ಲ, ಊರು ಬೆಳೆಯಲೇಬೇಕು. ಕ್ಷಮಿಸಲಾಗದ್ದು ಒಂದೇ: ನೆಲದೊಳಗೆ ಏನಿದೆಯೆಂದು ಯಾರೂ ನೋಡದೆ ನಕ್ಷೆಗೆ ಮಂಜೂರಾತಿ ಕೊಡುವುದು. ರಸ್ತೆ ಅಗಲ, ಸೆಟ್‌ಬ್ಯಾಕ್, ನೀರು, ಬೆಂಕಿ ಎಲ್ಲವನ್ನೂ ಕೇಳುವ ಕಡತಕ್ಕೆ ಈ ಪ್ರಶ್ನೆ ಮಾತ್ರ ಹೊಳೆದಿಲ್ಲ. 2010ರಲ್ಲಿ ತಿದ್ದುಪಡಿಯಾದ ಕೇಂದ್ರ ಕಾಯ್ದೆ ಸಂರಕ್ಷಿತ ಸ್ಮಾರಕದ ಸುತ್ತ 100 ಮೀಟರ್ ನಿರ್ಮಾಣ ನಿಷೇಧಿಸಿ, ಅದರಾಚೆ 200 ಮೀಟರ್ ನಿಯಂತ್ರಿಸುತ್ತದೆ. ಆ ಗೆರೆ ದಾಟಿದ ಪೇಟೆಯ ನೆಲ ಜೆಸಿಬಿ ಪಾಲು.

ಸಿಕ್ಕಿದ್ದೆಲ್ಲ ಅದೃಷ್ಟದಿಂದ ಸಿಕ್ಕಿದೆ. 2012ರಲ್ಲಿ ಕೋಟೆಯ ಬಳಿ ಮೆಟ್ರೊಗಾಗಿ ಅಗೆಯುವಾಗ ಟಿಪ್ಪು ಕಾಲದ ಫಿರಂಗಿಗಳು ಕಂಡವು. ಹೆಬ್ಬಾಳದಲ್ಲಿ ಸುಮಾರು ಕ್ರಿ.ಶ. 750ರ ಕಿಟ್ಟಯ್ಯನ ವೀರಗಲ್ಲು 2018ರಲ್ಲಿ ಚರಂಡಿ ತೋಡುವಾಗ ಬೆಳಕಿಗೆ ಬಂತು. ಫಿರಂಗಿ, ಶಾಸನ ದೊಡ್ಡವು, ಕಣ್ಣಿಗೆ ಬಿದ್ದವು. ಬಕೆಟ್ಟಿನಲ್ಲಿ ಮಣ್ಣಾಗಿಯೇ ಹೋದ ಒಲೆಯನ್ನೂ ಕಾಳನ್ನೂ ಗುರುತಿಸಲು ಅಲ್ಲಿ ಯಾರಿದ್ದರು? ಇದು ನಿತ್ಯ ನಡೆಯುತ್ತಿರುವುದು ಊರಿಗೆ ಗೊತ್ತಿಲ್ಲದ್ದಲ್ಲ. ಕೆಂಪೇಗೌಡರ ಪ್ರತಿಮೆಗೆ ಹಾರ ಹಾಕುವ ಕೈಗಳು ಅವರ ಪೇಟೆಯ ನೆಲ ಬಗೆಯುವಾಗ ಕಟ್ಟಿಕೊಂಡು ನಿಲ್ಲುವುದು ನಾಚಿಕೆಗೇಡು.

ಕಟ್ಟುವ ಮೊದಲು ನೆಲ ನೋಡುವ ಬುದ್ಧಿ ಲಂಡನ್ನಿಗೂ ತಾನಾಗಿ ಬರಲಿಲ್ಲ. 1989ರಲ್ಲಿ ಕಚೇರಿ ಕಟ್ಟುವ ಜಾಗದಲ್ಲಿ ಷೇಕ್ಸ್‌ಪಿಯರ್ ಕಾಲದ ರೋಸ್ ರಂಗಮಂದಿರದ ಅಡಿಪಾಯ ಕಂಡಾಗ ನಟರೂ ನಾಗರಿಕರೂ ಬೀದಿಗಿಳಿದರು. ಮರುವರ್ಷ ಇಂಗ್ಲೆಂಡಿನ ಯೋಜನಾ ಮಾರ್ಗಸೂಚಿ ಬದಲಾಗಿ, ಕಟ್ಟುವ ಮೊದಲು ಶೋಧ, ಅದರ ಖರ್ಚು ಕಟ್ಟುವವರದ್ದು ಎಂಬ ಪದ್ಧತಿ ನೆಲೆಗೊಂಡಿತು. ಅದೇ ಪದ್ಧತಿಯಲ್ಲಿ ಬ್ಲೂಮ್‌ಬರ್ಗ್ ಕಟ್ಟಡದ ನಿವೇಶನದಲ್ಲಿ 400ಕ್ಕೂ ಹೆಚ್ಚು ರೋಮನ್ ಮರದ ಹಲಗೆಗಳು ದೊರೆತವು. ಒಂದರ ಮೇಲೆ ಕ್ರಿ.ಶ. 57ರ ಸಾಲದ ಪತ್ರವಿದೆ. ಆಮೇಲೆ ಕಟ್ಟಡವೂ ಎದ್ದಿತು.

ಕೆಲಸದ ಕ್ರಮ ಸರಳ. ಹಳೆಯ ನಕ್ಷೆ, ದಾಖಲೆ ನೋಡಿ, ನಿವೇಶನದ ಅಲ್ಲಲ್ಲಿ ಸಣ್ಣ ಗುಂಡಿ ತೋಡಿ ಪದರ ಪರೀಕ್ಷಿಸಬೇಕು. ಏನೂ ಇಲ್ಲದಿದ್ದರೆ ಅಂದೇ ಪಾಯ ಹಾಕಬಹುದು; ಇದ್ದರೆ ಕೈಯಿಂದ ಬಿಡಿಸಿ, ಅಳೆದು, ಚಿತ್ರಿಸಿ ದಾಖಲಿಸಬೇಕು. ಇದನ್ನು ಹಳೇ ಪೇಟೆಯ ಮಂಜೂರಾತಿಗೆ ಷರತ್ತಾಗಿ ಸೇರಿಸುವಂತೆ ನಿವಾಸಿಗಳೂ ವರ್ತಕರೂ ನಗರಾಡಳಿತವನ್ನು ಒತ್ತಾಯಿಸಬೇಕು, ಅದೂ ಈಗಲೇ. ಕಾಂಕ್ರೀಟ್ ಬಿದ್ದ ಗುಂಡಿಯಲ್ಲಿ ಶೋಧಿಸಲು ಏನೂ ಉಳಿದಿರುವುದಿಲ್ಲ.